ಬಿಸಿನೀರಿಗೆ ಗ್ಯಾರಂಟಿ ಕೊಡುವವರು ಯಾರು?

ಆಸ್ಪತ್ರೆ, ಹೋಟೆಲ್, ಹಾಸ್ಟೆಲ್, ಕಾರ್ಖಾನೆಯಂಥ ದೊಡ್ಡ ಜಾಗಗಳ ಸೋಲಾರ್ ಬಿಸಿನೀರಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿಂತೆಯ ಸುತ್ತ ಇವೆ. ಇಷ್ಟೊಂದು ಹಣ ಹಾಕಿದ ಮೇಲೆ ಹೇಳಿದಷ್ಟು ಬಿಸಿ ಬರದಿದ್ದರೆ ಯಾರನ್ನು ಕೇಳಬೇಕು? ಈ ವ್ಯವಸ್ಥೆಗಳನ್ನು ವಿನ್ಯಾಸ ಮಾಡುವುದು, ಕೆಟ್ಟಾಗ ಹೋಗಿ ಅಳೆಯುವುದು ನನ್ನ ಕೆಲಸ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ನಾನು ಒಂದು ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತೇನೆ. ದಿನಕ್ಕೆ 10,000 ಲೀಟರ್ ಬಿಸಿನೀರಿನ ಸೋಲಾರ್ ವ್ಯವಸ್ಥೆಗೆ ಮೂರು ಕೊಟೇಶನ್ ಬಂದಿವೆ. ಇಬ್ಬರು ಕಲೆಕ್ಟರ್‌ಗೆ (ಬಿಸಿಲು ಹಿಡಿದು ನೀರು ಕಾಯಿಸುವ ಫಲಕಕ್ಕೆ) 5 ವರ್ಷ ವಾರಂಟಿ ಕೊಡುತ್ತಾರೆ. ಮೂರನೆಯವರು ‘ಪರ್ಫಾರ್ಮೆನ್ಸ್ ಗ್ಯಾರಂಟಿ’ ಕೊಡುತ್ತೇವೆ ಅನ್ನುತ್ತಾರೆ, ಆದರೆ ಅವರ ದರ ಜಾಸ್ತಿ. ಅಷ್ಟು ಕೊಡಬಹುದಾ?

ಉತ್ತರ: ಕೊಡಬಹುದು, ಆದರೆ ಕಾಗದ ಓದಿದ ಮೇಲೆ.

ವಾರಂಟಿ ಅಂದರೆ ಗಾಜು ಒಡೆದರೆ, ಟ್ಯಾಂಕ್ ಸೋರಿದರೆ ಬದಲಿಸಿ ಕೊಡುತ್ತಾರೆ. ಗಾಜು ಒಡೆಯದೆ, ಟ್ಯಾಂಕ್ ಸೋರದೆ ಇಡೀ ವ್ಯವಸ್ಥೆ ಅರ್ಧ ಬಿಸಿ ಮಾತ್ರ ಕೊಡುತ್ತಾ ವರ್ಷಗಟ್ಟಲೆ ನಿಂತಿರಬಹುದು. ಅದಕ್ಕೆ ವಾರಂಟಿಯಲ್ಲಿ ಉತ್ತರ ಇಲ್ಲ. ಪರ್ಫಾರ್ಮೆನ್ಸ್ ಗ್ಯಾರಂಟಿಯಲ್ಲಿ ಕಂಪನಿ ವರ್ಷಕ್ಕೆ ಇಷ್ಟು ಯೂನಿಟ್ (ವಿದ್ಯುತ್ ಬಿಲ್ಲಿನಲ್ಲಿರುವ ಅದೇ ಯೂನಿಟ್, ಅಂದರೆ ಒಂದು ಕಿಲೋವಾಟ್-ಗಂಟೆ) ಬಿಸಿ ಕೊಡುತ್ತೇವೆ ಎಂದು ಬರೆದುಕೊಡುತ್ತದೆ. ಮೀಟರ್ ಹಾಕಿ ಅಳೆಯುತ್ತಾರೆ. ಕಡಿಮೆ ಬಂದರೆ ಮೊದಲು ಸರಿಪಡಿಸಬೇಕು. ಆಮೇಲೂ ಕಡಿಮೆ ಬಂದರೆ ಆ ಕೊರತೆಗೆ ಹಣ ಕೊಡಬೇಕು.

ದೊಡ್ಡ ಕಟ್ಟಡಗಳಿಗೆ ಇದು ಯಾಕೆ ಮುಖ್ಯ ಅಂದರೆ, ಅಲ್ಲಿ ಸೋಲಾರ್ ಕೆಟ್ಟರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಮನೆಯಲ್ಲಾದರೆ ಬೆಳಿಗ್ಗೆ ತಣ್ಣೀರು ಬಂದ ಕೂಡಲೇ ತಿಳಿಯುತ್ತದೆ. ಆಸ್ಪತ್ರೆಯಲ್ಲಿ ಸೋಲಾರ್ ಹಿಂದೆ ಬಾಯ್ಲರ್ ಇರುತ್ತದೆ. ಸೋಲಾರ್ ಎಷ್ಟು ಕಡಿಮೆ ಕೊಡುತ್ತದೋ ಅಷ್ಟನ್ನು ಬಾಯ್ಲರ್ ತುಂಬುತ್ತದೆ. ನಲ್ಲಿಯಲ್ಲಿ ಬಿಸಿನೀರು ಬರುತ್ತಲೇ ಇರುತ್ತದೆ. ನಾನು ನೋಡಿದ ಒಂದು ಆಸ್ಪತ್ರೆಯಲ್ಲಿ ಕಲೆಕ್ಟರ್ ಪಂಪ್ ನಿಂತು ಬಹಳ ಕಾಲವಾಗಿತ್ತು. ವಾರ್ಡಿನವರಿಂದ ಒಂದು ದೂರೂ ಬಂದಿರಲಿಲ್ಲ. ಡೀಸೆಲ್ ಖರ್ಚಿನ ಲೆಕ್ಕ ನೋಡುವವರಿಗೆ ಮಾತ್ರ ಏನೋ ಅನುಮಾನ ಬಂದಿತ್ತು. ಮೀಟರ್ ಇದ್ದಿದ್ದರೆ ಮಾರನೇ ದಿನವೇ ಸಿಕ್ಕಿಬೀಳುತ್ತಿತ್ತು.

ಈಗ ನಿಮ್ಮ ಲೆಕ್ಕ. ನೀರು 25 ಡಿಗ್ರಿಯಲ್ಲಿ ಬರುತ್ತದೆ, 60ಕ್ಕೆ ಕಾಯಿಸಬೇಕು ಎಂದುಕೊಳ್ಳಿ. (ಆಸ್ಪತ್ರೆಯಲ್ಲಿ ಬಿಸಿನೀರಿನ ಶೇಖರಣೆ 60ಕ್ಕಿಂತ ಕೆಳಗೆ ಇಳಿಯಬಾರದು. ಅದಕ್ಕಿಂತ ಕಡಿಮೆ, ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದರಲ್ಲಿ ರಾಜಿ ಬೇಡ.) 1,000 ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು 1.16 ಯೂನಿಟ್ ಬೇಕು. ಹಾಗಾದರೆ 10,000 ಲೀಟರಿಗೆ ದಿನಕ್ಕೆ ಸುಮಾರು 407 ಯೂನಿಟ್. ಬಿಸಿಲು ಚೆನ್ನಾಗಿರುವ ಕಡೆ ಒಂದು ಚದರ ಮೀಟರ್ ಮೇಲೆ ದಿನಕ್ಕೆ 5 ಯೂನಿಟ್ ಬಿಸಿಲು ಬಿದ್ದರೆ, ಒಳ್ಳೆಯ ವ್ಯವಸ್ಥೆ ಅದರಲ್ಲಿ ಅರ್ಧದಷ್ಟನ್ನು ನೀರಿಗೆ ಸೇರಿಸುತ್ತದೆ. ಅಂದರೆ ಎರಡೂವರೆ ಯೂನಿಟ್. ನಿಮ್ಮ ಬೇಡಿಕೆಯ 60% ಸೋಲಾರ್‌ನಿಂದ ಬರಲಿ ಅಂದರೆ ಸುಮಾರು 100 ಚದರ ಮೀಟರ್ ಕಲೆಕ್ಟರ್ ಬೇಕು.

ಆದರೆ ಈ 10,000 ಲೀಟರ್ ಅನ್ನುವ ಸಂಖ್ಯೆ ಎಲ್ಲಿಂದ ಬಂತು? ಹಾಸಿಗೆಗಳ ಸಂಖ್ಯೆಗೆ ಒಂದು ಅಂದಾಜು ಗುಣಿಸಿ ಯಾರೋ ಬರೆದಿರುತ್ತಾರೆ. ನಿಜವಾದ ಬಳಕೆ 6,000 ಲೀಟರ್ ಇದ್ದರೆ ಏನಾಗುತ್ತದೆ ನೋಡಿ. ಟ್ಯಾಂಕ್ ಮಧ್ಯಾಹ್ನಕ್ಕೇ ಬಿಸಿಯಾಗಿ ಕೂರುತ್ತದೆ. ಕಲೆಕ್ಟರ್‌ಗೆ ತಣ್ಣೀರು ಬರುವುದಿಲ್ಲ, ಬಿಸಿನೀರೇ ಸುತ್ತುತ್ತದೆ. ಕಲೆಕ್ಟರ್ ಬಿಸಿಯಾದಷ್ಟೂ ಗಾಳಿಗೆ ಬಿಸಿ ಕಳೆದುಕೊಳ್ಳುತ್ತದೆ. ವರ್ಷದ ಕೊನೆಗೆ ಕರಾರಿನ ಯೂನಿಟ್ ಬರುವುದಿಲ್ಲ. ಆಗ ನೀವು ಕಂಪನಿಯನ್ನು ದೂರುತ್ತೀರಿ, ಅವರು ನಿಮ್ಮ ಬಳಕೆಯನ್ನು ದೂರುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯ ಇರುತ್ತದೆ. ಅದಕ್ಕೇ ಆರ್ಡರ್ ಕೊಡುವ ಮೊದಲು ಬಿಸಿನೀರಿನ ಪೈಪಿಗೆ ಒಂದು ಸಾಧಾರಣ ನೀರಿನ ಮೀಟರ್ ಹಾಕಿಸಿ, ಕೆಲವು ವಾರ ದಿನಾ ಬರೆದಿಡಿ. ಇಡೀ ಯೋಜನೆಯಲ್ಲಿ ಇದರಷ್ಟು ಅಗ್ಗದ, ಇದರಷ್ಟು ಉಪಯೋಗದ ಕೆಲಸ ಬೇರೆ ಇಲ್ಲ.

ಇನ್ನು ಮೂರನೇ ಕಂಪನಿಯ ಕಾಗದದಲ್ಲಿ ನೋಡಬೇಕಾದದ್ದು. ಗ್ಯಾರಂಟಿ ಯೂನಿಟ್‌ನಲ್ಲಿದೆಯಾ, ಅಥವಾ ‘60 ಡಿಗ್ರಿ ನೀರು ಬರುತ್ತದೆ’ ಎಂದಷ್ಟೇ ಇದೆಯಾ? ಬರೀ ಡಿಗ್ರಿಯ ಗ್ಯಾರಂಟಿಗೆ ಬೆಲೆ ಇಲ್ಲ, ಒಂದು ಬಕೆಟ್ ನೀರಾದರೂ 60 ಡಿಗ್ರಿಗೆ ಬಂದೇ ಬರುತ್ತದೆ. ಆ ವರ್ಷದ ಬಿಸಿಲಿಗೂ ನಿಮ್ಮ ನಿಜವಾದ ಬಳಕೆಗೂ ತಕ್ಕಂತೆ ಸಂಖ್ಯೆಯನ್ನು ಹೊಂದಿಸುವ ಸೂತ್ರ ಬರೆದಿದ್ದಾರಾ? ಕೊರತೆಯ ಯೂನಿಟ್‌ಗೆ ಯಾವ ದರ? ನನ್ನ ಪ್ರಕಾರ ಅಷ್ಟೇ ಬಿಸಿಯನ್ನು ಬಾಯ್ಲರ್‌ನಿಂದ ಪಡೆಯಲು ಎಷ್ಟು ಖರ್ಚಾಗುತ್ತದೋ ಅದೇ ನ್ಯಾಯದ ದರ.

ಒಂದು ಉದಾಹರಣೆ ಕೊಡುತ್ತೇನೆ. ಲೆಕ್ಕದ ಪ್ರಕಾರ ವರ್ಷಕ್ಕೆ 75,000 ಯೂನಿಟ್ ಬರಬೇಕು. ಕಂಪನಿ ಅದರ 85% ಗ್ಯಾರಂಟಿ ಕೊಟ್ಟಿದೆ, ಅಂದರೆ 63,750. ಅಳೆದಾಗ ಬಂದದ್ದು 58,000. ಕೊರತೆ 5,750 ಯೂನಿಟ್. ಇದರಲ್ಲಿ ಜಗಳಕ್ಕೆ ಜಾಗ ಕಡಿಮೆ. ಪೂರ್ತಿ 100% ಗ್ಯಾರಂಟಿ ಕೊಡುತ್ತೇವೆ ಅನ್ನುವವರ ಬಗ್ಗೆ ಎಚ್ಚರ ಇರಲಿ. ಅವರು ಲೆಕ್ಕದ ಸಂಖ್ಯೆಯನ್ನೇ ಮೊದಲು ಇಳಿಸಿಕೊಂಡಿರಬಹುದು.

ಪ್ರಶ್ನೆ: ನಮ್ಮದು ಹೋಟೆಲ್. 60 ಚದರ ಮೀಟರ್ ಕಲೆಕ್ಟರ್ ಹಾಕಿಸಿದ್ದೇವೆ. ಗ್ಯಾಸ್ ಖರ್ಚು ಅರ್ಧ ಆಗುತ್ತೆ ಅಂದಿದ್ದರು, ಸ್ವಲ್ಪವೇ ಇಳಿದಿದೆ. ಕೇಳಿದರೆ ಒಂದು ಸಲ ಮೋಡ ಅಂತಾರೆ, ಇನ್ನೊಂದು ಸಲ ನೀವು ನೀರು ಜಾಸ್ತಿ ಬಳಸ್ತೀರಿ ಅಂತಾರೆ. ಗ್ಯಾರಂಟಿ ಅಂತ ಏನೂ ಬರೆಸಿಕೊಂಡಿಲ್ಲ. ಈಗ ಏನು ಮಾಡಬಹುದು?

ಉತ್ತರ: ಮೊದಲು ಅವರ ಎರಡನೇ ಮಾತು. ನೀರು ಜಾಸ್ತಿ ಬಳಸಿದರೆ ಗ್ಯಾಸ್ ಬಿಲ್ ಏರುವುದು ನಿಜ. ಆದರೆ ಕಲೆಕ್ಟರ್‌ನಿಂದ ಬರುವ ಬಿಸಿ ಅದರಿಂದ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ತಣ್ಣೀರು ಹೆಚ್ಚು ಬಂದಷ್ಟೂ ಕಲೆಕ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಗಾಗಿ ಗ್ಯಾಸ್ ಬಿಲ್ ಹಿಡಿದು ಸೋಲಾರ್ ಅಳೆಯುವುದು ನಿಮಗೂ ಸರಿಯಲ್ಲ, ಅವರಿಗೂ ಸರಿಯಲ್ಲ. ರೂಮುಗಳು ತುಂಬಿದ ವರ್ಷ ಬಿಲ್ ಏರುತ್ತದೆ, ಖಾಲಿ ಇದ್ದ ವರ್ಷ ಇಳಿಯುತ್ತದೆ.

ಅಳೆಯಲು ಒಳ್ಳೆಯ ದಾರಿ ಇದೆ. ಕಲೆಕ್ಟರ್‌ಗಳನ್ನು ಐಎಸ್‌ಒ 9806 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪರೀಕ್ಷೆ ಮಾಡುತ್ತಾರೆ. ಆ ವರದಿಯಲ್ಲಿ ಕಲೆಕ್ಟರ್ ಎಷ್ಟು ಬಿಸಿಲು ಹಿಡಿಯುತ್ತದೆ, ಎಷ್ಟು ಬಿಸಿ ಗಾಳಿಗೆ ಕಳೆಯುತ್ತದೆ ಅನ್ನುವ ಸಂಖ್ಯೆಗಳು ಇರುತ್ತವೆ. ನಿಮ್ಮ ಕಂಪನಿಯಿಂದ ಆ ವರದಿ ಕೇಳಿ ಪಡೆಯಿರಿ. ಹಿಡಿಯುವುದು 0.75, ಅಂದರೆ ಬಿಸಿಲಿನ ಮುಕ್ಕಾಲು ಭಾಗ; ಕಳೆಯುವುದು ಚದರ ಮೀಟರಿಗೆ, ನೀರು ಗಾಳಿಗಿಂತ ಬಿಸಿಯಿರುವ ಪ್ರತಿ ಡಿಗ್ರಿಗೆ 4 ವಾಟ್ ಎಂದುಕೊಳ್ಳೋಣ (ನಷ್ಟದ ಇನ್ನೊಂದು ಸಣ್ಣ ಸಂಖ್ಯೆಯೂ ವರದಿಯಲ್ಲಿರುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ). ಮೋಡವಿಲ್ಲದ ಮಧ್ಯಾಹ್ನ ಬಿಸಿಲು ಚದರ ಮೀಟರಿಗೆ 800 ವಾಟ್. ಕಲೆಕ್ಟರ್ ಒಳಗಿನ ನೀರು ಸರಾಸರಿ 50 ಡಿಗ್ರಿ, ಹೊರಗಿನ ಗಾಳಿ 30. ಹಿಡಿದದ್ದು 600 ವಾಟ್, ಕಳೆದದ್ದು 80. ಉಳಿದದ್ದು 520. ನಿಮ್ಮ 60 ಚದರ ಮೀಟರಿಗೆ 31 ಕಿಲೋವಾಟ್. ಪೈಪಿನಲ್ಲಿ ಹೋಗುವ ಬಿಸಿಗೂ ಅಳತೆಯ ತಪ್ಪಿಗೂ ಒಟ್ಟು 10% ಬಿಡಿ. 28 ಕಿಲೋವಾಟ್ ಆದರೂ ಬರಬೇಕು.

ಈಗ ನಿಜವಾಗಿ ಎಷ್ಟು ಬರುತ್ತಿದೆ? ಕಲೆಕ್ಟರ್ ಸಾಲಿಗೆ ಗಂಟೆಗೆ 3,000 ಲೀಟರ್ ಹರಿಯುತ್ತಿದೆ, ಒಳಗೆ ಹೋಗುವ ನೀರಿಗೂ ಹೊರಗೆ ಬರುವ ನೀರಿಗೂ 4 ಡಿಗ್ರಿ ವ್ಯತ್ಯಾಸ ಇದೆ ಎಂದರೆ ಸುಮಾರು 14 ಕಿಲೋವಾಟ್. ಬರಬೇಕಾದದ್ದರ ಅರ್ಧ. ಮೋಡ ಇಲ್ಲದ ಹೊತ್ತಿನಲ್ಲೇ ಅಳೆದದ್ದರಿಂದ ಮೋಡದ ಮಾತು ಇನ್ನು ನಡೆಯುವುದಿಲ್ಲ. ಹೀಗೆ ಲೆಕ್ಕ ಹಾಕುವುದು ನನ್ನ ಸ್ವಂತ ಬುದ್ಧಿ ಅಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಸೌರ ಬಿಸಿ ಕಾರ್ಯಕ್ರಮದಲ್ಲಿ ದೊಡ್ಡ ವ್ಯವಸ್ಥೆಗಳಿಗಾಗಿ ಈ ವಿಧಾನವನ್ನು ಬೆಳೆಸಿದರು. 2022ರಲ್ಲಿ ಅದು ಐಎಸ್‌ಒ 24194 ಅನ್ನುವ ಮಾನದಂಡವಾಗಿ ಬಂದಿದೆ. ಗುತ್ತಿಗೆದಾರ ಯಾವ ದೇಶದವನಾದರೂ ಇದನ್ನು ಒಪ್ಪದಿರಲು ಕಾರಣ ಸಿಗುವುದಿಲ್ಲ.

ಅಳೆಯುವಾಗ ಒಂದು ಎಚ್ಚರಿಕೆ. 4 ಡಿಗ್ರಿ ವ್ಯತ್ಯಾಸವನ್ನು ಒಂದು ಡಿಗ್ರಿ ತಪ್ಪು ತೋರಿಸುವ ಥರ್ಮಾಮೀಟರ್‌ನಲ್ಲಿ ಅಳೆದರೆ ಉತ್ತರದಲ್ಲಿ ಕಾಲು ಭಾಗ ತಪ್ಪು. ಅದಕ್ಕೆ ಎರಡು ಸೆನ್ಸರ್‌ಗಳೂ ಜೋಡಿಯಾಗಿ ಹೊಂದಿಸಿದ ಹೀಟ್ ಮೀಟರ್ (ನೀರಿನ ಹರಿವನ್ನೂ ಡಿಗ್ರಿ ವ್ಯತ್ಯಾಸವನ್ನೂ ಅಳೆದು ಬಿಸಿಯ ಲೆಕ್ಕ ತೋರಿಸುವ ಮೀಟರ್) ಬೇಕು. ಸೆನ್ಸರ್ ನೀರಿನ ಒಳಗೆ ಇರಬೇಕು. ಪೈಪಿನ ಹೊರಗೆ ಟೇಪ್ ಸುತ್ತಿ ಕೂರಿಸಿದ್ದನ್ನು ನಂಬಬೇಡಿ.

ಹಾಗೆಯೇ ರಾತ್ರಿ ಒಂದು ಸಲ ಮೇಲೆ ಹೋಗಿ ಕಲೆಕ್ಟರ್‌ಗೆ ಹೋಗುವ ಪೈಪುಗಳನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಚೆಕ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಕೆಟ್ಟಿರಬಹುದು. ಹಗಲಿನಲ್ಲಿ ಗಳಿಸಿದ ಬಿಸಿಯನ್ನು ರಾತ್ರಿ ಆಕಾಶಕ್ಕೆ ಚೆಲ್ಲುತ್ತಿದ್ದೀರಿ. ಕೆಲವು ಸಾಲುಗಳಲ್ಲಿ ಗಾಳಿ ಕಟ್ಟಿಕೊಂಡು ನೀರೇ ಹರಿಯದಿರುವುದೂ ತುಂಬಾ ಸಾಮಾನ್ಯ.

ಇನ್ನೊಂದು ಜಾಗ, ಹೋಟೆಲ್‌ಗಳಲ್ಲಿ ನಾನು ಯಾವಾಗಲೂ ಮೊದಲು ನೋಡುವ ಜಾಗ, ಸರ್ಕ್ಯುಲೇಷನ್ ಲೈನ್. ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು ಬರಲಿ ಎಂದು ಹಗಲೂ ರಾತ್ರಿ ಪೈಪಿನಲ್ಲಿ ಬಿಸಿನೀರು ಸುತ್ತಿಸುತ್ತಾರೆ. 200 ಮೀಟರ್ ಪೈಪು, ಮೀಟರಿಗೆ 10 ವಾಟ್ ನಷ್ಟ ಅಂದರೂ ದಿನಕ್ಕೆ 48 ಯೂನಿಟ್ ಹೋಯಿತು. ಇನ್ಸುಲೇಷನ್ ಹರಿದಿದ್ದರೆ ಇನ್ನೂ ಜಾಸ್ತಿ. ಇದು ಸೋಲಾರ್ ಕಂಪನಿಯ ತಪ್ಪಲ್ಲ, ನಿಮ್ಮ ಕಟ್ಟಡದ್ದು. ಗ್ಯಾರಂಟಿ ಬರೆಯುವಾಗ ಮೀಟರ್ ಎಲ್ಲಿ ಕೂರುತ್ತದೆ ಅನ್ನುವುದು ಇದಕ್ಕೇ ದೊಡ್ಡ ವಿಷಯ. ನಾನು ಎರಡು ಮೀಟರ್ ಕೇಳುತ್ತೇನೆ. ಒಂದು ಕಲೆಕ್ಟರ್ ಸುತ್ತಿನಲ್ಲಿ, ಇನ್ನೊಂದು ಟ್ಯಾಂಕಿನಿಂದ ಬಳಕೆಗೆ ಹೊರಡುವ ಕಡೆ. ಎರಡರ ನಡುವಿನ ವ್ಯತ್ಯಾಸವೇ ಯಾರ ಹೊಣೆ ಎಷ್ಟು ಎಂದು ತೋರಿಸುತ್ತದೆ.

ಬರೆಸಿಕೊಂಡಿಲ್ಲ ಅಂದಿರಿ. ಆದರೂ ಈ ಅಳತೆ ಕೈಯಲ್ಲಿ ಹಿಡಿದು ಹೋಗಿ ಮಾತಾಡಿ. ಸರಿಪಡಿಸಿ ಕೊಟ್ಟು, ಮುಂದಿನ ನಿರ್ವಹಣೆಯ ಕರಾರನ್ನು ಯೂನಿಟ್ ಲೆಕ್ಕದಲ್ಲಿ ಬರೆದುಕೊಡಲು ಒಪ್ಪಿದರೆ ಅವರಿಗೇ ಕೊಡಿ.

ಪ್ರಶ್ನೆ: ಮೇಡಂ, ನಾನು ಸಣ್ಣ ಗುತ್ತಿಗೆದಾರ. ಸೋಲಾರ್ ಹೀಟರ್ ಕೂರಿಸುವುದು ನನ್ನ ಕಸುಬು. ಗ್ಯಾರಂಟಿ ಗ್ಯಾರಂಟಿ ಅಂತ ಎಲ್ಲರೂ ಹೇಳುತ್ತೀರಿ. ಬಿಸಿಲು ನನ್ನ ಕೈಯಲ್ಲಿಲ್ಲ, ಅವರು ನೀರು ಎಷ್ಟು ಬಳಸುತ್ತಾರೋ ಗೊತ್ತಿಲ್ಲ. ಒಂದು ಕೆಲಸದಲ್ಲಿ ದಂಡ ಕಟ್ಟಿದರೆ ನನ್ನ ಅಂಗಡಿ ಮುಚ್ಚಬೇಕು. ಇದು ದೊಡ್ಡವರಿಗೆ ಮಾತ್ರ ಆಗುವ ಮಾತಲ್ವಾ?

ಉತ್ತರ: ಈ ಪತ್ರ ಓದಿ ತುಂಬಾ ಹೊತ್ತು ಯೋಚಿಸಿದೆ. ನಿಮ್ಮ ಭಯ ನ್ಯಾಯವಾದದ್ದು. ಬೆಳೆಯುತ್ತಿರುವ ದೇಶಗಳಲ್ಲಿ ಈ ಕೆಲಸದ ಬಹುಪಾಲನ್ನು ಮಾಡುವವರು ನಿಮ್ಮಂಥವರೇ. ನಿಮಗೆ ಆಗದ ಗ್ಯಾರಂಟಿಯಿಂದ ಮಾರುಕಟ್ಟೆ ಬೆಳೆಯುವುದಿಲ್ಲ.

ಬಿಸಿಲಿನ ಹೊಣೆಯನ್ನು ನೀವು ಹೊರಲೇಬಾರದು. ಬಳಕೆಯದ್ದೂ ಬೇಡ. ಎರಡನ್ನೂ ಅಳೆದು, ಗ್ಯಾರಂಟಿ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ಇಳಿಸುವ ಅಥವಾ ಏರಿಸುವ ಸೂತ್ರ ಕರಾರಿನಲ್ಲೇ ಇರಬೇಕು. ಅದಿಲ್ಲದ ಕಾಗದಕ್ಕೆ ಸಹಿ ಹಾಕಬೇಡಿ. ಕಲೆಕ್ಟರ್ ಪರೀಕ್ಷಾ ವರದಿಯಂತೆ ಕೆಲಸ ಮಾಡುತ್ತದೆ ಅನ್ನುವುದು ತಯಾರಕರ ಹೊಣೆ. ಅದನ್ನು ಅವರಿಂದ ಬರೆಸಿಕೊಳ್ಳಿ. ಪೈಪು, ಇನ್ಸುಲೇಷನ್, ಪಂಪು, ಕಂಟ್ರೋಲರ್, ಸಾಲುಗಳಿಗೆ ನೀರು ಸಮನಾಗಿ ಹಂಚುವುದು, ಇವು ನಿಮ್ಮವು. ಇವುಗಳ ಗ್ಯಾರಂಟಿ ನೀವು ಧೈರ್ಯವಾಗಿ ಕೊಡಬಹುದು. ಯಾಕೆಂದರೆ ನಿಮ್ಮ ಕೈಕೆಲಸ ನಿಮಗೆ ಗೊತ್ತು.

ಫ್ರಾನ್ಸ್‌ನಲ್ಲಿ 1980ರ ದಶಕದ ಕೊನೆಯಲ್ಲಿ ಸೌರ ಫಲಿತಾಂಶದ ಗ್ಯಾರಂಟಿ ಅನ್ನುವ ಪದ್ಧತಿ ಶುರುವಾಯಿತು. ಅಲ್ಲಿ ಅದಕ್ಕೂ ಮುಂಚೆ ಹಾಕಿದ ಎಷ್ಟೋ ವ್ಯವಸ್ಥೆಗಳು ಕೆಟ್ಟು, ಸೋಲಾರ್ ಅಂದರೆ ಜನ ಹಿಂದೆ ಸರಿಯುವಂತಾಗಿತ್ತು. ಹೊಸ ಪದ್ಧತಿಯಲ್ಲಿ ವಿನ್ಯಾಸ ಮಾಡಿದವರು, ತಯಾರಕರು, ಕೂರಿಸಿದವರು, ನಿರ್ವಹಿಸುವವರು ಎಲ್ಲರೂ ಒಟ್ಟಿಗೆ ಗ್ಯಾರಂಟಿಗೆ ಸಹಿ ಹಾಕುತ್ತಿದ್ದರು. ದೂರದಿಂದಲೇ ಮೀಟರ್ ಓದಿ ನೋಡುತ್ತಿದ್ದರು. 1990ರ ದಶಕದಲ್ಲಿ ಯುರೋಪಿಯನ್ ಕಮಿಷನ್ ಬೆಂಬಲದಿಂದ ಇದು ಸ್ಪೇನ್ ಮುಂತಾದ ದೇಶಗಳಿಗೂ ಹೋಯಿತು. ಅದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಈ ಜೊತೆಯ ಸಹಿ. ನಾಲ್ವರಲ್ಲಿ ದುರ್ಬಲನಾದವನ ತಲೆಗೆ ಎಲ್ಲವನ್ನೂ ಕಟ್ಟಲಿಲ್ಲ.

ನಿಮಗೆ ಇನ್ನೊಂದು ಸುಲಭದ ದಾರಿ ಹೇಳುತ್ತೇನೆ. ವರ್ಷಪೂರ್ತಿಯ ಯೂನಿಟ್ ಗ್ಯಾರಂಟಿ ಕೊಡುವ ಬದಲು, ಮೇಲೆ ಹೋಟೆಲಿನವರಿಗೆ ಹೇಳಿದಂತೆ ಬಿಸಿಲಿನ ಹೊತ್ತಿನ ಕಿಲೋವಾಟ್ ಗ್ಯಾರಂಟಿ ಕೊಡಿ. ಕೆಲಸ ಒಪ್ಪಿಸುವಾಗ ಒಂದು ಸಲ, ಒಂದು ವರ್ಷದ ಮೇಲೆ ಇನ್ನೊಂದು ಸಲ ಅಳೆದು ತೋರಿಸಿ. ಬಳಕೆಯ ಜಗಳ ಇಲ್ಲ, ಮೋಡದ ಜಗಳ ಇಲ್ಲ. ಪೂರ್ತಿ ಗ್ಯಾರಂಟಿಗಿಂತ ಇದು ಚಿಕ್ಕದು, ಒಪ್ಪುತ್ತೇನೆ. ಕೊಳ್ಳುವವರಿಗೆ ಎಲ್ಲ ರಕ್ಷಣೆಯೂ ಇದರಲ್ಲಿ ಸಿಗುವುದಿಲ್ಲ. ಆದರೆ ಕೆಟ್ಟ ಕೆಲಸವನ್ನೂ ಒಳ್ಳೆಯ ಕೆಲಸವನ್ನೂ ಬೇರೆ ಮಾಡಲು ಇಷ್ಟು ಸಾಕು. ಈಗ ಒಳ್ಳೆಯ ಕೆಲಸ ಮಾಡುವ ನಿಮಗೂ, ತೆಳ್ಳನೆ ಪೈಪು ಹಾಕಿ ದರ ಇಳಿಸುವವನಿಗೂ ಕೊಟೇಶನ್ ಕಾಗದದ ಮೇಲೆ ವ್ಯತ್ಯಾಸ ಏನಿದೆ? ಏನೂ ಇಲ್ಲ. ಅವನೇ ಗೆಲ್ಲುತ್ತಾನೆ. ಅಳತೆ ಬಂದರೆ ಲಾಭ ಆಗುವುದು ನಿಮಗೆ.

ಹಣದ ವಿಷಯಕ್ಕೆ ಬಂದರೆ, ಗಿರಾಕಿಗೆ ಕೊಡಲು ನೀವು ಬ್ಯಾಂಕ್ ಗ್ಯಾರಂಟಿ (ನೀವು ಹಣ ಕಟ್ಟದಿದ್ದರೆ ಬ್ಯಾಂಕ್ ಕಟ್ಟುತ್ತದೆ ಎನ್ನುವ ಪತ್ರ) ಕೇಳಿದಾಗ ಬ್ಯಾಂಕಿನವರು ಠೇವಣಿ ಇಡಿ ಅನ್ನುತ್ತಾರೆ, ನಿಮ್ಮ ದುಡಿಯುವ ಬಂಡವಾಳ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಸರ್ಕಾರಗಳೂ ಅಭಿವೃದ್ಧಿ ಬ್ಯಾಂಕುಗಳೂ ಕೈಜೋಡಿಸಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕಲೆಕ್ಟರ್‌ಗೆ ಸಬ್ಸಿಡಿ ಕೊಡುವ ಹಣದಲ್ಲಿ ಒಂದು ಪಾಲನ್ನು ಗ್ಯಾರಂಟಿ ನಿಧಿಯಾಗಿ ಇಟ್ಟರೆ, ಅಳತೆಗೆ ಒಪ್ಪಿದ ಸಣ್ಣ ಗುತ್ತಿಗೆದಾರರ ಹಿಂದೆ ಆ ನಿಧಿ ನಿಲ್ಲಬಹುದು. ಅದು ಬರುವವರೆಗೆ, ಒಟ್ಟು ಬಿಲ್ಲಿನಲ್ಲಿ ಸಣ್ಣ ಪಾಲನ್ನು ಮೊದಲ ವರ್ಷದ ಅಳತೆ ಮುಗಿಯುವವರೆಗೆ ಗಿರಾಕಿ ತಡೆಹಿಡಿಯಲಿ ಎಂದು ನೀವೇ ಮುಂದಾಗಿ ಹೇಳಿ. ನಿಮ್ಮ ನಷ್ಟಕ್ಕೆ ಒಂದು ಮಿತಿ ಇರುತ್ತದೆ. ಗಿರಾಕಿಗೆ ನಂಬಿಕೆ ಬರುತ್ತದೆ.

ಪ್ರಶ್ನೆ: ನಾನು ನಗರಾಡಳಿತದಲ್ಲಿ ಇಂಜಿನಿಯರ್. ಸರ್ಕಾರಿ ಹಾಸ್ಟೆಲ್, ಆಸ್ಪತ್ರೆಗಳಿಗೆ ಸೋಲಾರ್ ಬಿಸಿನೀರಿನ ಟೆಂಡರ್ ಬರೆಯಬೇಕಿದೆ. ಬೇರೆ ದೇಶಗಳಿಂದ ಏನು ಕಲಿಯಬಹುದು?

ಉತ್ತರ: ಮೊದಲು, ಲೀಟರ್ ಲೆಕ್ಕದಲ್ಲಾಗಲಿ ಚದರ ಮೀಟರ್ ಲೆಕ್ಕದಲ್ಲಾಗಲಿ ಕಡಿಮೆ ದರ ಹೇಳಿದವರಿಗೆ ಕೆಲಸ ಕೊಡುವುದನ್ನು ಬಿಡಿ. 10 ವರ್ಷದಲ್ಲಿ ಎಷ್ಟು ಯೂನಿಟ್ ಬಿಸಿ ಕೊಡುತ್ತೀರಿ, ನಿರ್ವಹಣೆ ಸೇರಿಸಿ ಎಷ್ಟು ಹಣ ಎಂದು ಕೇಳಿ. ಯೂನಿಟ್‌ಗೆ ಬೀಳುವ ದರದಲ್ಲಿ ಹೋಲಿಸಿ.

ಕಾನೂನು ಮಾಡಿದರೆ ಎಲ್ಲ ಆಗುತ್ತದೆ ಅನ್ನುವ ಭಾವನೆ ನಮ್ಮ ಅಧಿಕಾರಿಗಳಲ್ಲಿ ಗಟ್ಟಿಯಾಗಿದೆ. ಬಾರ್ಸಿಲೋನಾ ನಗರ 1999ರಲ್ಲಿ ನಿಯಮ ಒಪ್ಪಿ 2000ದಿಂದ ಜಾರಿಗೆ ತಂದಿತು. ಹೊಸ ಕಟ್ಟಡಗಳ ಬಿಸಿನೀರಿನ 60% ಸೂರ್ಯನಿಂದ ಬರಬೇಕು ಎಂದಿತು. ಕಲೆಕ್ಟರ್‌ಗಳು ಬೇಗ ಹೆಚ್ಚಿದವು. ಆದರೆ ಅನುಮತಿಗಾಗಿ ಹಾಕಿದ ಕಲೆಕ್ಟರ್ ಮತ್ತು ಕೆಲಸ ಮಾಡುವ ಕಲೆಕ್ಟರ್ ಬೇರೆ ಬೇರೆ. ನಿಯಮ ಕಲೆಕ್ಟರ್‌ವರೆಗೆ ಮಾತ್ರ ಕರೆದುಕೊಂಡು ಹೋಗುತ್ತದೆ, ಅಲ್ಲಿಂದ ಮುಂದೆ ಅಳತೆ ಬೇಕು. ಬಾರ್ಸಿಲೋನಾ 2006ರಲ್ಲಿ ತನ್ನ ನಿಯಮವನ್ನು ಪರಿಷ್ಕರಿಸಿತು.

ಟುನೀಷಿಯಾದ ಪಾಠ ಬೇರೆ. ಅಲ್ಲಿ 2005ರಲ್ಲಿ ಪ್ರೊಸೊಲ್ ಯೋಜನೆ ಶುರುವಾಯಿತು. ಮನೆಯವರು ಸಾಲ ಪಡೆದು ಹೀಟರ್ ಹಾಕಿಸಿಕೊಂಡು, ಕಂತನ್ನು ವಿದ್ಯುತ್ ಬಿಲ್ಲಿನ ಜೊತೆ ಕಟ್ಟುತ್ತಿದ್ದರು. ವಸೂಲಿ ಖಚಿತವಾದ್ದರಿಂದ ಬ್ಯಾಂಕುಗಳು ಧೈರ್ಯ ಮಾಡಿದವು. ಬ್ಯಾಂಕಿಗೆ ಬೇಕಾದದ್ದು ಖಚಿತತೆ. ದೊಡ್ಡ ವ್ಯವಸ್ಥೆಗಳಲ್ಲಿ ಆ ಖಚಿತತೆ ಕೊಡುವುದು ಅಳತೆ ಮಾಡಿದ ಬಿಸಿ. ಇಷ್ಟು ಯೂನಿಟ್ ಬರುತ್ತದೆ, ಆದ್ದರಿಂದ ಇಷ್ಟು ಇಂಧನ ಉಳಿಯುತ್ತದೆ, ಆದ್ದರಿಂದ ಸಾಲ ತೀರುತ್ತದೆ ಎಂದು ಬ್ಯಾಂಕ್ ಅಧಿಕಾರಿಗೆ ಕಾಗದದಲ್ಲಿ ತೋರಿಸಬಹುದು.

ಟೆಂಡರ್‌ನಲ್ಲಿ ದಂಡವನ್ನು ವಿಪರೀತ ಮಾಡಬೇಡಿ. ದಂಡ ಜಾಸ್ತಿಯಾದರೆ ಒಳ್ಳೆಯವರು ಬರುವುದೇ ಇಲ್ಲ. ಬಂದವರು ಆ ಅಪಾಯವನ್ನೂ ದರದಲ್ಲಿ ಸೇರಿಸುತ್ತಾರೆ. ಕೊರತೆಯ ಯೂನಿಟ್‌ಗೆ ಬಾಯ್ಲರ್ ಖರ್ಚು, ಅದಕ್ಕೊಂದು ಮೇಲ್ಮಿತಿ, ಸಾಕು. ಮೀಟರ್ ಓದುವವರು ಗುತ್ತಿಗೆದಾರರೂ ಅಲ್ಲ, ನಿಮ್ಮ ಇಲಾಖೆಯೂ ಅಲ್ಲ, ಮೂರನೆಯವರಾಗಿರಲಿ. ಹತ್ತಿರದ ಇಂಜಿನಿಯರಿಂಗ್ ಕಾಲೇಜಿಗೆ ಆ ಕೆಲಸ ಕೊಡಬಹುದು. ತಿಂಗಳ ಅಂಕಿಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿ. ದಂಡಕ್ಕಿಂತ ಅದೇ ಜಾಸ್ತಿ ಕೆಲಸ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂದು ಊರಿನಲ್ಲಿ ಕೆಟ್ಟು ನಿಂತ ಒಂದು ದೊಡ್ಡ ವ್ಯವಸ್ಥೆ ಸುತ್ತಲಿನ ಎಷ್ಟೋ ಜನರನ್ನು ಸೋಲಾರ್‌ನಿಂದ ದೂರ ಮಾಡುತ್ತದೆ. ಚೆನ್ನಾಗಿ ನಡೆಯುವುದರ ಅಂಕಿ ಕಣ್ಣಿಗೆ ಬಿದ್ದರೆ ಅವರು ತಾವಾಗಿಯೇ ಬರುತ್ತಾರೆ.

ಸಣ್ಣ ವ್ಯವಸ್ಥೆಗಳಿಗೆ ಇದನ್ನೆಲ್ಲ ಹೇರಬೇಡಿ. ಮೀಟರ್, ಓದುವವರ ಖರ್ಚು ಎಲ್ಲ ಸೇರಿದರೆ ಚಿಕ್ಕ ವ್ಯವಸ್ಥೆಗೆ ಹೊರೆ. ನನ್ನ ಅಂದಾಜಿಗೆ 50 ಚದರ ಮೀಟರ್ ಮೇಲೆ ಹೋದರೆ ಯೋಚಿಸಬಹುದು, 100 ದಾಟಿದರೆ ಕಡ್ಡಾಯ ಮಾಡಿ.

ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕಲು ದಿನಾ ಬಿಸಿನೀರು ಬೇಕು. ಒಂದು ಕಂಪನಿ, ನಾವೇ ಹಣ ಹಾಕಿ ಕಲೆಕ್ಟರ್ ಕೂರಿಸುತ್ತೇವೆ, ನೀವು ಬಿಸಿಯನ್ನು ಯೂನಿಟ್ ಲೆಕ್ಕದಲ್ಲಿ ಕೊಳ್ಳಿ ಅನ್ನುತ್ತಿದೆ. ನಂಬಬಹುದಾ?

ಉತ್ತರ: ಇದು ಗ್ಯಾರಂಟಿಯ ಅತ್ಯಂತ ಗಟ್ಟಿಯಾದ ರೂಪ. ಬಿಸಿ ಬರದಿದ್ದರೆ ಅವರಿಗೆ ಹಣ ಬರುವುದಿಲ್ಲ, ಅಷ್ಟೇ. ಚಿಲಿಯ ಗೇಬ್ರಿಯೆಲಾ ಮಿಸ್ಟ್ರಾಲ್ ತಾಮ್ರದ ಗಣಿಯಲ್ಲಿ 2013ರಲ್ಲಿ ಸುಮಾರು 39,000 ಚದರ ಮೀಟರ್ ಕಲೆಕ್ಟರ್ ಹೀಗೇ ಬಂತು. ಗಣಿ ಬೇರೆ ಕಂಪನಿಯಿಂದ ಬಿಸಿಯನ್ನು ಕೊಳ್ಳುವ ದೀರ್ಘ ಕರಾರು ಮಾಡಿಕೊಂಡು, ತಾಮ್ರ ಶುದ್ಧಿ ಮಾಡುವ ದ್ರಾವಣ ಕಾಯಿಸಲು ಬಳಸುತ್ತಿದ್ದ ಡೀಸೆಲ್‌ನ ದೊಡ್ಡ ಪಾಲನ್ನು ಉಳಿಸಿತು. ಅಟಕಾಮಾ ಮರುಭೂಮಿಯ ಬಿಸಿಲು, ದೂರದಿಂದ ಡೀಸೆಲ್ ತರಿಸುವ ಖರ್ಚು, ವರ್ಷವಿಡೀ ಬೇಡಿಕೆ, ಮೂರೂ ಒಟ್ಟಿಗೆ ಸೇರಿದ ಜಾಗ ಅದು.

ನೀವು ನೋಡಬೇಕಾದದ್ದು ಕನಿಷ್ಠ ಖರೀದಿಯ ಷರತ್ತು. ಕಾರ್ಖಾನೆ ಒಂದು ತಿಂಗಳು ನಿಂತರೂ ಇಷ್ಟು ಯೂನಿಟ್‌ಗೆ ಹಣ ಕೊಡಬೇಕು ಎಂದು ಇರುತ್ತದೆ. ಆ ಸಂಖ್ಯೆ ನಿಮ್ಮ ಕೆಟ್ಟ ವರ್ಷದ ಬಳಕೆಗಿಂತ ಕೆಳಗಿರಲಿ. ಯೂನಿಟ್ ದರ ಯಾವುದರ ಜೊತೆ ಏರುತ್ತದೆ ಎಂದು ನೋಡಿ. ಇಂಧನದ ಬೆಲೆಗೆ ಕಟ್ಟಿದ್ದರೆ ಇಳಿದಾಗಲೂ ಇಳಿಯಬೇಕು. ಛಾವಣಿಯ ರಿಪೇರಿ ಬಂದರೆ ಕಲೆಕ್ಟರ್ ಇಳಿಸಿ ಏರಿಸುವವರು ಯಾರು, ಕರಾರು ಮುಗಿದ ಮೇಲೆ ಅದು ಯಾರದ್ದು ಅನ್ನುವುದನ್ನೂ ಈಗಲೇ ಬರೆಸಿಕೊಳ್ಳಿ. ಇವು ಸರಿಯಿದ್ದರೆ ನಂಬಿ ಮುಂದುವರಿಯಿರಿ.

ಪ್ರಶ್ನೆ: ಟ್ಯೂಬ್ ಕಲೆಕ್ಟರ್ ಒಳ್ಳೆಯದೋ ಫ್ಲಾಟ್ ಪ್ಲೇಟೋ?

ಉತ್ತರ: ಯೂನಿಟ್ ಗ್ಯಾರಂಟಿ ಇದ್ದರೆ ಈ ಚಿಂತೆ ಕೊಡುವವರಿಗೇ ಬಿಡಿ. ನೀರು ಗಡಸಾಗಿದ್ದರೆ ಮಾತ್ರ ಒಂದು ಮಾತು ಗಟ್ಟಿಯಾಗಿ ಹೇಳಿ: ಕಲೆಕ್ಟರ್ ಒಳಗೆ ಬಳಕೆಯ ನೀರು ಹರಿಯಬಾರದು, ನಡುವೆ ಹೀಟ್ ಎಕ್ಸ್‌ಚೇಂಜರ್ (ಎರಡು ಕಡೆಯ ನೀರು ಬೆರೆಯದಂತೆ ಬಿಸಿಯನ್ನು ಮಾತ್ರ ದಾಟಿಸುವ ಸಾಧನ) ಇರಬೇಕು. ಇಲ್ಲದಿದ್ದರೆ ಎರಡರಲ್ಲೂ ಉಪ್ಪು ಕಟ್ಟುತ್ತದೆ.

ಪ್ರಶ್ನೆ: ಅಕ್ಕಾ, ನಾನು ಹಾಸ್ಟೆಲ್‌ನಲ್ಲಿ ಪಂಪು, ಬಾಯ್ಲರ್ ನೋಡಿಕೊಳ್ಳುವವನು. ಸೋಲಾರ್ ಹಾಕಿದ್ದಾರೆ, ಮೀಟರೂ ಇದೆ. ಯಾರೂ ಏನೂ ಹೇಳಿಕೊಟ್ಟಿಲ್ಲ. ನಾನು ದಿನಾ ಏನು ನೋಡಬೇಕು?

ಉತ್ತರ: ನಿಮ್ಮ ಪತ್ರ ನೋಡಿ ಸಂತೋಷವಾಯಿತು. ಲಕ್ಷಗಟ್ಟಲೆ ಹಣದ ಕರಾರುಗಳಲ್ಲಿ ನಿಮ್ಮ ಹೆಸರು ಎಲ್ಲೂ ಇರುವುದಿಲ್ಲ, ಆದರೆ ಗ್ಯಾರಂಟಿ ಉಳಿಯುವುದು ನಿಮ್ಮಿಂದ.

ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ದಿನಾ ಸಂಜೆ ಒಂದೇ ಹೊತ್ತಿಗೆ ಹೀಟ್ ಮೀಟರಿನ ಯೂನಿಟ್, ನೀರಿನ ಮೀಟರಿನ ಲೀಟರ್ ಬರೆಯಿರಿ. ಪಕ್ಕದಲ್ಲಿ ಬಿಸಿಲಿತ್ತಾ, ಮೋಡ ಇತ್ತಾ ಎಂದು ಒಂದು ಪದ. ನಿನ್ನೆಯ ಅಂಕಿ ಕಳೆದರೆ ಇವತ್ತಿನ ಗಳಿಕೆ ಸಿಗುತ್ತದೆ. ಒಳ್ಳೆಯ ಬಿಸಿಲಿನ ದಿನ ಯೂನಿಟ್ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದರೆ ಅವತ್ತೇ ವಾರ್ಡನ್‌ಗೂ ಕಂಪನಿಗೂ ಹೇಳಿ, ಹೇಳಿದ ತಾರೀಖನ್ನು ಪುಸ್ತಕದಲ್ಲಿ ಬರೆಯಿರಿ. ಮಧ್ಯಾಹ್ನ ಕಲೆಕ್ಟರ್ ಪಂಪು ಓಡುತ್ತಿದೆಯಾ, ಒತ್ತಡದ ಗೇಜ್ ಎಂದಿನ ಜಾಗದಲ್ಲೇ ಇದೆಯಾ ನೋಡಿ. ಗಾಜಿನ ಮೇಲೆ ಧೂಳು ಕೂತಿದ್ದರೆ ಬೆಳಿಗ್ಗೆ ಬೇಗ, ಗಾಜು ತಣ್ಣಗಿರುವಾಗ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಹಾಕಬೇಡಿ, ಬಿರುಕು ಬಿಡುತ್ತದೆ. ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗುವ ಮುಂಚೆ ಕಂಪನಿಗೆ ತಿಳಿಸಿ. ಬಳಕೆ ಇಲ್ಲದಾಗ ಕಲೆಕ್ಟರ್ ಅತಿಯಾಗಿ ಕಾಯುತ್ತದೆ, ಕೆಲವು ಸಾಲುಗಳನ್ನು ಮುಚ್ಚಬೇಕಾಗಬಹುದು. ಸೇಫ್ಟಿ ವಾಲ್ವ್ ಹನಿಯುತ್ತಿದ್ದರೆ ಅದನ್ನು ಯಾವ ಕಾರಣಕ್ಕೂ ಬಿಗಿದು ಮುಚ್ಚಬೇಡಿ.

ಮೂರು ತಿಂಗಳ ಪುಸ್ತಕ ತುಂಬಿದ ಮೇಲೆ ಅದರ ಫೋಟೋ ತೆಗೆದು ನನಗೆ ಕಳಿಸಿ. ಕಂಪನಿ ಹೇಳಿದ ಯೂನಿಟ್ ಬರುತ್ತಿದೆಯಾ ಎಂದು ನಾನು ಲೆಕ್ಕ ಹಾಕಿ ಬರೆಯುತ್ತೇನೆ.